ಮಿಲೂದಾಳ ಮುಂದಿನ ಬ್ರೇಕು

ಮಿಲೂದಾ ಬೈಕಿನಿಂದ ಬಿದ್ದದ್ದು ಬುಧವಾರ, ಬಾಬ್ ದುಕ್ಕಾಲಾ ಕೋಟೆಬಾಗಿಲಿನ ಒಳಗೆ, ಮೀನಿನ ಅಂಗಡಿಯವನು ಚೆಲ್ಲಿದ ನೀರಿನ ಮೇಲೆ. ನನಗೆ ತಿಳಿದದ್ದು ಶುಕ್ರವಾರ, ಅವಳು ಕುಸ್ಕುಸ್ ತುಂಬಿದ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ.

ಅವಳು ನಿವೃತ್ತ ನರ್ಸು, ಅರವತ್ತಮೂರು ವರ್ಷ. ಮರಾಕೆಶ್‌ನ ಹಳೇ ಊರಿನ ಗಲ್ಲಿಗಳಲ್ಲಿ ದಿನಕ್ಕೆ ಹನ್ನೊಂದು ಮನೆ ಸುತ್ತುತ್ತಾಳೆ. ಇಂಜೆಕ್ಷನ್ ಕೊಡುತ್ತಾಳೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆದು ಕಟ್ಟುತ್ತಾಳೆ. ಹನ್ನೊಂದರಲ್ಲಿ ವಾರಕ್ಕೆ ಎರಡು ದಿನ ನನ್ನ ಮನೆಯೂ ಒಂದು. ಜೆಲ್ಲಾಬಾ ನಿಲುವಂಗಿಯ ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿ, ಔಷಧಿ ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿ ಹೊರಡುತ್ತಾಳೆ. ವೃತ್ತದಲ್ಲಿ ಪೊಲೀಸ್ ಕಂಡರೆ ಮಾತ್ರ ಅದು ತಲೆಗೆ ಏರುತ್ತದೆ.

"ಸದಖಾ, ಉಸ್ತಾದಾ, ಬಿದ್ದು ಉಳಿದದ್ದಕ್ಕೆ ದಾನ. ತಿನ್ನಿ. ದೇವರು ದೊಡ್ಡವನು, ಬರೀ ಮೊಣಕೈ ತರಚಿತು."

"ಬೈಕಿಗೆ ಏನಾಯ್ತು?"

"ಅದಕ್ಕೇನಾಗುತ್ತೆ, ಕಬ್ಬಿಣ."

ಹೊರಗೆ ಹೋಗಿ ನೋಡಿದೆ. ಮುಂದಿನ ಚಕ್ರ ನೇರವಾಗಿದ್ದರೆ ಹ್ಯಾಂಡಲ್ಲು ಎಡಕ್ಕೆ ತಿರುಗಿತ್ತು. ಹೆಲ್ಮೆಟ್ಟಿನ ಒಂದು ಪಕ್ಕ ಸೀಳಿತ್ತು. ಆ ಸೀಳಿಗೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಅಂಟಿಸಿದ್ದಳು. ಮೂವತ್ತೈದು ವರ್ಷ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಹೇಳಿದವಳಿಗೆ ಈ ದೃಶ್ಯವನ್ನೂ ನೋಡುವುದಿತ್ತು.

"ಮೆಕ್ಯಾನಿಕ್ ಅಲ್ಲಾಲನಿಗೆ ತೋರಿಸಿದೆಯಾ?"

"ಯಾಕೆ ತೋರಿಸಲಿ? ಬರೋ ಕೇಡು ಬಂತು, ಇಷ್ಟು ಚರ್ಮ ಕಿತ್ಕೊಂಡು ಹೋಯ್ತು. ಮಸೀದಿಗೂ ಒಂದು ದೊಡ್ಡ ತಟ್ಟೆ ಕಳಿಸಿದೀನಿ. ಜನ ಉಂಡು ಹರಸಿ ಹೋದ್ಮೇಲೆ ಗಾಡಿ ಬಿಚ್ಚಿಸೋಕೆ ಕೂತ್ರೆ ಏನರ್ಥ? ನನ್ನ ದಾನ ಮುಟ್ಟಲಿಲ್ಲ ಅಂತ ನಾನೇ ಡಂಗುರ ಹೊಡೆದ ಹಾಗಲ್ವಾ?"

ಈ ವಾದ ನನಗೆ ಹೊಸದಲ್ಲ. ಡಾಕ್ಟರೇಟ್ ಪಡೆದ ನನ್ನ ಸಹೋದ್ಯೋಗಿಯೊಬ್ಬರು ಕಾರು ಗೋಡೆಗೆ ಗುದ್ದಿದ ಮೇಲೆ ಕುರಿ ಕಡಿದು ಹಂಚಿದರು, ಸವೆದ ಟಯರುಗಳಲ್ಲೇ ಮತ್ತೆರಡು ವರ್ಷ ಓಡಿಸಿದರು. ನಮ್ಮ ಊರಿನಲ್ಲಿ ಬಿದ್ದವರು ಮೊದಲು ಒಲೆ ಹಚ್ಚುತ್ತಾರೆ. ಒಲೆ ಆರಿದ ಮೇಲೆ ವಿಷಯ ಮುಗಿಯಿತು.

"ನಿನ್ನ ರೋಗಿಯೊಬ್ಬ ಮೆಟ್ಟಿಲಿಂದ ಉರುಳಿ, ನೋವಿಲ್ಲ, ಹೋಗ್ತೀನಿ ಅಂದರೆ ಬಿಡ್ತೀಯಾ?"

"ರೋಗಿ ಬೇರೆ, ಉಸ್ತಾದಾ."

"ಹೌದು, ರೋಗಿಗೆ ನಿನ್ನಂಥ ನರ್ಸಿದ್ದಾಳೆ."

ಅವಳ ಮಗ ಜವಾದ್ ಆಗಲೇ ಹೇಳಿಬಿಟ್ಟಿದ್ದನಂತೆ: ಇನ್ನೊಂದು ಸಲ ಬಿದ್ದರೆ ಬೈಕು ಮಾರಾಟಕ್ಕೆ. ಬೈಕು ಹೋದರೆ ಅವಳ ಕೆಲಸವೂ ಹೋದಂತೆಯೇ. ಆ ಗಲ್ಲಿಗಳಿಗೆ ಟ್ಯಾಕ್ಸಿ ನುಗ್ಗುವುದಿಲ್ಲ, ಅವಳ ಮೊಣಕಾಲು ಹನ್ನೊಂದು ಮನೆ ನಡೆಯುವುದಿಲ್ಲ. ಇನ್ನೊಮ್ಮೆ ಬೀಳದಿರಲು ಅವಳು ಮಾಡಿಕೊಂಡ ಏಕೈಕ ಏರ್ಪಾಡು ಕುಸ್ಕುಸ್.

ಸೋಮವಾರ ಸೂಜಿ ಹಿಡಿದು ಬಂದಾಗ ನಾನು ತೋಳು ಮುಂದೆ ಮಾಡಲಿಲ್ಲ.

"ಅಲ್ಲಾಲ್ ನೋಡೋ ತನಕ ನನಗೆ ನಿನ್ನ ಸೂಜಿ ಬೇಡ."

"ಮಕ್ಕಳ ಹಾಗೆ ಹಟ ಮಾಡ್ತೀರಲ್ಲ!"

"ಮಾಡ್ತೀನಿ. ನಡಿ, ತಳ್ಕೊಂಡೇ ಹೋಗೋಣ."

ದಾರಿಯುದ್ದಕ್ಕೂ ನನ್ನ ಓದಿನ ಬಗ್ಗೆ, ನನ್ನ ಒಂಟಿತನದ ಬಗ್ಗೆ, ನನ್ನ ನಾಲಿಗೆಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಬೈಕನ್ನು ಮಾತ್ರ ತಳ್ಳುತ್ತಲೇ ಇದ್ದಳು.

ಅಲ್ಲಾಲ್ ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿದ. ಅದು ಒಂದು ಕಡೆ ವಾಲಿ ಸುತ್ತಿತು. ಆಮೇಲೆ ಬ್ರೇಕಿನ ಹಿಡಿಯ ಹತ್ತಿರ ಕೇಬಲ್ಲಿನ ರಬ್ಬರನ್ನು ಸರಿಸಿದ.

"ಲಲ್ಲಾ ಮಿಲೂದಾ, ಬಿದ್ದ ಮೇಲೆ ಎಷ್ಟು ದಿನ ಓಡಿಸಿದ್ರಿ?"

"ಐದು."

"ಇಲ್ನೋಡಿ. ಎರಡು ಎಳೆ ಉಳಿದಿದೆ. ಐದು ದಿನ ನಿಮ್ಮನ್ನ ನಿಲ್ಲಿಸಿದ್ದು ಈ ಎರಡು ಎಳೆ. ಚಕ್ರ ಹಿಡಿಯೋ ಫೋರ್ಕೂ ತಿರುಚಿದೆ. ಆ ಹೆಲ್ಮೆಟ್ಟು ಬಿಸಾಕಿ, ಒಂದು ಏಟು ತಿಂದದ್ದು ಇನ್ನೊಂದಕ್ಕೆ ಆಗಲ್ಲ."

ಮಿಲೂದಾ ಬಗ್ಗಿ ನೋಡಿದಳು. ಹುಣ್ಣು ನೋಡುವಾಗಿನ ಮುಖವೇ ಅದು.

ಮರುದಿನ ಸಂಜೆ ಬೈಕು ಸಿದ್ಧವಾಯಿತು, ಹೊಸ ಹೆಲ್ಮೆಟ್ಟೂ ಬಂತು. ಅವಳು ಹತ್ತಲಿಲ್ಲ. ಮನೆಯವರೆಗೆ ತಳ್ಳಿಕೊಂಡು ಹೋದಳು. ಬುಧವಾರ ಐದೇ ಮನೆ, ಅದೂ ಕುಂಟುತ್ತ, ನಡೆದು. ನನಗೆ ಸೂಜಿ ಚುಚ್ಚುವಾಗ ಹೇಳಿದಳು: "ಗೊತ್ತಿಲ್ಲದಾಗ ಚೆನ್ನಾಗಿದ್ದೆ. ನೀವು ತೋರಿಸಿ ಕೆಡಿಸಿದ್ರಿ."

ಮುರಿದ ಗಾಡಿಯ ಮೇಲೆ ಧೈರ್ಯ, ಸರಿಯಾದ ಗಾಡಿಯ ಮೇಲೆ ಭಯ. ಇದಕ್ಕೆ ಯಾವ ಸೂತ್ರವೂ ನನಗೆ ಗೊತ್ತಿಲ್ಲ. ಸಿಟ್ಟು ಮಾತ್ರ ಬಂತು. ಗುರುವಾರ ಬೆಳಿಗ್ಗೆ ಬೈಕಿನ ಸಮೇತ ಅವಳನ್ನು ಕೋಟೆಗೋಡೆಯ ಆಚೆಯ ಬಯಲಿಗೆ ಕರೆದುಕೊಂಡು ಹೋದೆ. ನೆಲದ ಮೇಲೆ ಸಾಲಾಗಿ ಕಲ್ಲಿಟ್ಟೆ.

"ನಿಧಾನ ಬಾ. ಎರಡೂ ಬ್ರೇಕು ಒಟ್ಟಿಗೆ. ಹಿಂಡಬೇಡ, ಒತ್ತು. ಕಣ್ಣು ನೆಲದ ಮೇಲಲ್ಲ, ದೂರ."

ಮೊದಲ ಸಲ ಎರಡನೇ ಕಲ್ಲಿನಲ್ಲಿ ನಿಲ್ಲಬೇಕಾದವಳು ಐದನೆಯದನ್ನು ದಾಟಿದಳು. ಬೈದೆ. ಆರನೇ ಸಲಕ್ಕೆ ಸರಿಹೋಯಿತು. ನೆಲಕ್ಕೆ ಒಂದು ಬಕೆಟ್ ನೀರು ಸುರಿದೆ. ಒದ್ದೆಯಲ್ಲಿ ಅವಳು ತಾನಾಗಿಯೇ ವೇಗ ತಗ್ಗಿಸಿ, ಹ್ಯಾಂಡಲ್ಲು ತಿರುಗಿಸದೆ ದಾಟಿದಳು.

ಅಷ್ಟರಲ್ಲಿ ಜವಾದ್ ಬಂದ. ನಗರಸಭೆಯ ಗುಮಾಸ್ತ, ಕಚೇರಿ ಬಿಟ್ಟು ಬಂದಿದ್ದ. ಯಾರು ಹೇಳಿದರು ಎಂದು ಕೇಳುವುದೇ ದಂಡ. ಈ ಊರಿನಲ್ಲಿ ಎಲ್ಲರೂ ಹೇಳುತ್ತಾರೆ.

"ಅಮ್ಮಾ, ಇಳಿ. ಕೀ ಕೊಡು. ಎರಡು ಎಳೆ ತಂತಿ ಮೇಲೆ ಓಡಾಡಿದೀಯಂತೆ! ಉಸ್ತಾದಾ, ನೀವಾದ್ರೂ ಬುದ್ಧಿ ಹೇಳಬಾರದಾ?"

"ಅದನ್ನೇ ಹೇಳ್ತಿದ್ದೀನಿ. ನೀನು ಅಡ್ಡ ಬಂದೆ."

ಮಿಲೂದಾ ಇಳಿಯಲಿಲ್ಲ. ಬಯಲಿನ ತುದಿಗೆ ಹೋಗಿ ತಿರುಗಿಸಿ, ಮಗನ ಕಡೆಗೇ ನೇರವಾಗಿ ಬಂದಳು. ಇದು ನನ್ನ ಪಾಠದಲ್ಲಿರಲಿಲ್ಲ. ನಾನು ಕೂಗಿದೆ. ಜವಾದ್ ಪಕ್ಕಕ್ಕೆ ಹಾರಿದ, ಹಾರುವ ಅಗತ್ಯವಿರಲಿಲ್ಲ. ಅವನು ನಿಂತಿದ್ದ ಜಾಗಕ್ಕೆ ಮೂರು ಮೊಳ ಮೊದಲೇ ಬೈಕು ಜಾರದೆ, ವಾಲದೆ ನಿಂತಿತ್ತು.

"ಹುಚ್ಚಾ ನಿಂಗೆ?"

"ನಿಂತ್ನೋ ಇಲ್ವೋ ಹೇಳು."

ಅವನು ಚಕ್ರ ನೋಡಿದ, ನೆಲ ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾನು ನೆರವಿಗೆ ಹೋಗಲಿಲ್ಲ.

"ತಿಂಗಳಿಗೊಮ್ಮೆ ಅಲ್ಲಾಲನ ಹತ್ರ ನಾನೇ ತಗೊಂಡು ಹೋಗ್ತೀನಿ," ಎಂದ.

"ತಗೊಂಡು ಹೋಗು. ಮಧ್ಯಾಹ್ನದೊಳಗೆ ವಾಪಸ್ ತಂದಿಡು. ನಂಗೆ ಹನ್ನೊಂದು ಮನೆ ಇದೆ."

ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದು, ಹೊರಳಿ ಹಿಂದೆ ನೋಡಿ, ಅವಳು ರಸ್ತೆಗೆ ಇಳಿದಳು. ಬೆಳಗಿನ ಮೊದಲ ಮನೆಗೆ ಒಂದು ಗಂಟೆ ತಡವಾಗಿತ್ತು. ಆದರೂ ತಿರುವಿನಲ್ಲಿ ವೇಗ ತಗ್ಗಿಸಿದಳು.