ಹದಿನೇಳನೇ ಬೇಸಿನ್ನಿನ ಮುನಿಗಂಗಮ್ಮ

ಮುನಿಗಂಗಮ್ಮನ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳಿರಲಿಲ್ಲ. ಹತ್ತು ವರ್ಷ ಸುಡುನೀರಿನಲ್ಲಿ ರೇಷ್ಮೆ ಗೂಡು ತಡವಿ ಎಳೆ ಹುಡುಕಿದ ಕೈ ಅದು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರೆ ಬರಿಯ ನೀಲಿ ಮಚ್ಚೆ ಬೀಳುತ್ತಿತ್ತು.

ಹುಟ್ಟಿದ್ದು ಕೈವಾರದ ಪಕ್ಕದ ಹಳ್ಳಿಯಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ. ಮನೆಮಾತು ತೆಲುಗು. ಇಪ್ಪತ್ನಾಲ್ಕಕ್ಕೆ ಗಂಡ ತೀರಿಕೊಂಡ. ಅತ್ತಿಗೆಯ ಕೈಯಿಂದ ಮುದ್ದೆ ಇಕ್ಕಿಸಿಕೊಳ್ಳುವುದು ಒಗ್ಗದೆ, ಚಿಂತಾಮಣಿ ಕಡೆಯಿಂದ ಕೆಲಸದ ಹೆಂಗಸರನ್ನು ಕರೆತರುತ್ತಿದ್ದ ಮೇಸ್ತ್ರಿ ಬಯ್ಯಪ್ಪನ ಹಿಂದೆ ಶಿಡ್ಲಘಟ್ಟದ ಬಸ್ಸು ಹತ್ತಿದಳು. ನೂಲಿನ ಕಾರ್ಖಾನೆಯಲ್ಲಿ ಮೊದಲು ಚರಕ ತಿರುಗಿಸಿದಳು. ೧೯೬೦ರಲ್ಲಿ ಚರಕಗಳು ಹೋಗಿ ಮೂವತ್ತೆರಡು ಬೇಸಿನ್ನುಗಳು ಬಂದಾಗ ಹದಿನೇಳನೆಯದು ಅವಳ ಪಾಲಿಗೆ ಬಂತು. ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಅದರ ಮುಂದೆ ಕೂತು ಎಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದನ್ನು ಕೂಡಿಸಬೇಕು. ಚರಕದ ಕಾಲದಲ್ಲಿ ಕಣ್ಣಂದಾಜೇ ಸಾಕಾಗಿತ್ತು. ಎಂಟೆಂಬ ಲೆಕ್ಕ ಬಂದದ್ದು ಬೇಸಿನ್ನಿನ ಜೊತೆಗೆ.

ಮರುವರ್ಷ ಜೂನಿನಲ್ಲಿ ಈ ಜಾಗಕ್ಕೇ ಸಂಚಕಾರ ಬಂತು. ಬೆಂಗಳೂರಿಗೆ ಹೋದ ನೂಲು ಮೂರು ಸಲ ವಾಪಸಾಗಿತ್ತು. ಲಡಿ ಎನ್ನುವ ನೂಲಿನ ಸುತ್ತುಗಳಲ್ಲಿ ಕೆಲವು ಸರಿ, ಕೆಲವು ದಪ್ಪ. ಮ್ಯಾನೇಜರು ಗೋಡೆಗೆ ನೋಟೀಸು ಹಚ್ಚಿಸಿದರು, ಬಯ್ಯಪ್ಪ ಅದನ್ನು ಓದಿ ಹೇಳಿದ: ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಒಂದು ಗಂಟೆ ಪಾಠ, ಮೂರು ತಿಂಗಳಿಗೆ ಪರೀಕ್ಷೆ, ಎಣಿಕೆ, ತೂಕ, ಸಹಿ ಬಾರದವರು ಬೇಸಿನ್ ಬಿಟ್ಟು ಹುಳದ ಕೊಟ್ಟಿಗೆಗೆ. ಬೆಂದ ಹುಳುಗಳನ್ನು ಆರಿಸಿ ಒಣಹಾಕುವ ಕೊಟ್ಟಿಗೆ ಅದು. ಅಲ್ಲಿನ ನಾತ ಮೈಗೆ ಹತ್ತಿದರೆ ಬಿಡುವುದಿಲ್ಲ. ಅಲ್ಲಿ ದುಡಿಯುವವರಿಗೆ ಊರಿನಲ್ಲಿ ಕೋಣೆ ಬಾಡಿಗೆಗೆ ಕೊಡುವವರೂ ಇರಲಿಲ್ಲ. ಮುನಿಗಂಗಮ್ಮ ಇದ್ದದ್ದು ಬಾಡಿಗೆ ಕೋಣೆಯಲ್ಲಿ.

"ಓದ್ಕೊಳ್ರಮ್ಮಾ, ಓದ್ಕೊಳ್ರಿ. ಎಲ್ಲಾ ಅಮಲ್ದಾರ್ರಾಗೋರು!" ಎಂದ ಬಯ್ಯಪ್ಪ.

ಪಾಠಕ್ಕೆ ಬಂದವರು ಅನಂತರಾಮಯ್ಯ. ಚಿಕ್ಕಬಳ್ಳಾಪುರದಲ್ಲಿ ಮೂವತ್ತು ವರ್ಷ ಮೇಷ್ಟರಾಗಿದ್ದು ನಿವೃತ್ತರಾದವರು. ಬರುವಾಗ ಒಂದನೇ ತರಗತಿಯ ಪುಸ್ತಕ ಮತ್ತು ಬೆತ್ತ ತಂದಿದ್ದರು. ಮೊದಲ ದಿನವೇ ಮುನಿಗಂಗಮ್ಮನನ್ನು ಎಬ್ಬಿಸಿದರು.

"ಸಹಿ ಮಾಡು."

"ಬರಲ್ಲ."

"ಹಂಗಾದ್ರೆ ಹೆಬ್ಬೆಟ್ಟು ಒತ್ತು."

ಒತ್ತಿದಳು. ಅವರು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನಮ್ಮಾ, ನೇರಳೆಹಣ್ಣು ಜಜ್ಜಿದಂಗಿದೆ! ಗೂಡಿನ ಜೊತೆ ಕೈಯೂ ಬೆಂದಿದೆ, ತಲೆಯೂ ಬೆಂದಿದೆ."

ಬಾಗಿಲಲ್ಲಿ ನಿಂತಿದ್ದ ಬಯ್ಯಪ್ಪ ಗೋಡೆ ಬಡಿದುಕೊಂಡು ನಕ್ಕ. ಮುನಿಗಂಗಮ್ಮ ಮಸಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ನಮ್ಮ ಕೈ ಬೆಂದಿರೋದಕ್ಕೇ ಸ್ವಾಮಿ, ನಿಮ್ಮನೆಯಮ್ಮ ಹಬ್ಬಕ್ಕೆ ರೇಷ್ಮೆ ಉಡೋದು."

ಬೆತ್ತ ಮೇಜಿನ ಮೇಲೆ ಬಿತ್ತು. "ಹೊರಗೆ ನಡಿ!"

ನಡೆದಳು. ಒಂದು ತಿಂಗಳು ಪಾಠದ ಹೊತ್ತಿಗೆ ಹೊರಗಿನ ಗೋಡೆಗೆ ಒರಗಿ ನಿಂತಳು. ಒಳಗೆ ಮೂವತ್ತೊಂದು ಹೆಂಗಸರು ಅರಸ, ಆನೆ ಎಂದು ರಾಗ ಎಳೆಯುವುದು ಕೇಳುತ್ತಿತ್ತು. ಗಂಟೆ ಹೊಡೆದು ಎಲ್ಲರೂ ಆಚೆ ಬಂದರೆ, "ಏನ್ರೇ, ಆನೆ ಎಷ್ಟು ನೂಲು ಬಿಚ್ತಂತೆ?" ಎಂದು ಕೇಳುತ್ತಿದ್ದಳು. ಆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಸೆರಗಿನ ತುದಿ ಮೂಸಿ ನೋಡಿಕೊಳ್ಳುವುದು ಆ ತಿಂಗಳಲ್ಲೇ ಅಭ್ಯಾಸವಾಯಿತು. ಕೊಟ್ಟಿಗೆಯ ನಾತ ಈಗಲೇ ಹತ್ತಿದೆಯೇನೋ ಎಂಬ ಭಯ.

ಜುಲೈಯಲ್ಲಿ ನಾಲ್ಕನೇ ಸಲ ನೂಲು ವಾಪಸು ಬಂತು. ಮ್ಯಾನೇಜರು ಹೆಂಗಸರ ಎದುರಿಗೇ, "ನಿಮ್ಮ ಪಾಠದಿಂದ ನೂಲು ಕೂದಲಷ್ಟೂ ಸುಧಾರಿಸಿಲ್ಲ ಮೇಷ್ಟ್ರೇ" ಎಂದರು. ಅನಂತರಾಮಯ್ಯನವರ ಮುಖ ಕಪ್ಪಿಟ್ಟಿತು. ಮಾರನೆಯ ದಿನ ಬಂದಾಗ ಕೈಯಲ್ಲಿ ಪುಸ್ತಕವಿರಲಿಲ್ಲ. ಕಾರ್ಖಾನೆಯಲ್ಲಿ ನೂಲು ಪರೀಕ್ಷಿಸುವ ಕೋಣೆಯ ಪುಟ್ಟ ತಕ್ಕಡಿ ಇತ್ತು. ಒಂದೊಂದು ಬೇಸಿನ್ನಿನ ನೂಲಿನಿಂದಲೂ ನಾನೂರ ಐವತ್ತು ಮೀಟರ್ ಸುತ್ತಿಸಿ ತೂಗಿದರು. ಅದು ಸರಿಯಾಗಿ ಒಂದು ಗ್ರಾಂ ಬರಬೇಕು. ಎರಡು ದಿನ ಹಿಡಿಯಿತು. ಹದಿನೆಂಟು ಬೇಸಿನ್ನಿನ ನೂಲು ಒಂದು ಗ್ರಾಂ. ಉಳಿದ ಹದಿನಾಲ್ಕರದ್ದು ಒಂದು ಗ್ರಾಂ ಮತ್ತು ಎಂಟನೇ ಒಂದು ಪಾಲು. ನಡುವೆ ಯಾವ ತೂಕವೂ ಇಲ್ಲ. ಅದನ್ನೆಲ್ಲ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದರು. ಹದಿನೇಳನೇ ಬೇಸಿನ್ ದಪ್ಪದ ಸಾಲಿನಲ್ಲಿತ್ತು.

ಬಯ್ಯಪ್ಪ ಮ್ಯಾನೇಜರನ್ನು ಕರೆದು ತೋರಿಸಿದ. "ಪರೀಕ್ಷೆ ಯಾಕೆ ಸ್ವಾಮಿ? ಈ ಹದಿನಾಲ್ಕನ್ನೂ ನಾಳೇನೇ ಕೊಟ್ಟಿಗೆಗೆ ಅಟ್ಟಿಬಿಡಣ. ಮೊದ್ಲು ಈ ಬಾಯಿಬಡುಕಿನ."

ಅನಂತರಾಮಯ್ಯ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿಲ್ಲದೋರು ತಪ್ಪು ಮಾಡಿದ್ರೆ ಒಬ್ಬೊಬ್ಬರದು ಒಂದೊಂದು ಥರ ಇರಬೇಕು," ಎಂದರು. "ಹದಿನಾಲ್ಕು ಜನ ಅಳೆದಿಟ್ಟಂಗೆ ಒಂದೇ ತಪ್ಪು ಮಾಡ್ತಾರೆ ಅಂದ್ರೆ? ಎಂಟಕ್ಕೆ ಒಂದು ಹೆಚ್ಚು. ಎಲ್ಲರೂ ಒಂದು ಗೂಡು ಹೆಚ್ಚು ಹಾಕ್ತಿದ್ದಾರೆ."

ಹದಿನೇಳನೇ ಬೇಸಿನ್ನಿನ ಮುಂದೆ ಬಂದು ನಿಂತರು. "ಗಟ್ಟಿಯಾಗಿ ಎಣಿಸಿ ಹಾಕು."

"ನಿಮ್ಮೆದುರಿಗೆ ಎಣಿಸಲ್ಲ."

"ಎಣಿಸದಿದ್ರೆ ಕೊಟ್ಟಿಗೆಗೆ ಹೋಗ್ತೀಯ. ನನಗೇನೂ ನಷ್ಟ ಇಲ್ಲ."

ಅವಳು ಹಲ್ಲು ಕಚ್ಚಿಕೊಂಡು ಗೂಡು ಎತ್ತಿಕೊಂಡಳು. "ಲಾಭಂ," ಎಂದು ಮೊದಲನೆಯದನ್ನು ನೀರಿಗೆ ಬಿಟ್ಟಳು. ಆಮೇಲೆ, "ಒಕಟಿ, ರೆಂಡು, ಮೂಡು…" ಎಂದು ತೆಲುಗಿನಲ್ಲಿ ಒಂದರಿಂದ ಎನಿಮಿದಿ, ಅಂದರೆ ಎಂಟರವರೆಗೆ ಎಣಿಸಿ ನಿಲ್ಲಿಸಿದಳು.

ಪಕ್ಕದ ಬೇಸಿನ್ನಿನ ವೆಂಕಟರತ್ನಮ್ಮ ಶಿಡ್ಲಘಟ್ಟದವಳೇ. ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಅಕ್ಕಾ, ಲಾಭ ಆದ್ಮೇಲೆ ಎರಡು ಕಣಕ್ಕ!"

"ಮತ್ತೆ ಒಂದು ಎಲ್ಲಿಗೋಯ್ತೇ?"

"ಲಾಭಾನೇ ಒಂದಲ್ವಾ?"

"ಲಾಭ ದೇವರ್ದು ಕಣೇ! ಅದನ್ನ ಯಾರಾದ್ರೂ ಎಣಿಸ್ತಾರಾ?"

ರಾಗಿ ಅಳೆಯುವಾಗ ಮೊದಲನೆಯ ಸೇರನ್ನು 'ಒಂದು' ಎನ್ನದೆ 'ಲಾಭ' ಎನ್ನುವುದು ಇಬ್ಬರ ಮನೆಯಲ್ಲೂ ಇತ್ತು. ವೆಂಕಟರತ್ನಮ್ಮನ ಮನೆಯಲ್ಲಿ ಅದೂ ಲೆಕ್ಕಕ್ಕೆ ಸೇರುತ್ತಿತ್ತು. ಮುನಿಗಂಗಮ್ಮನ ಮನೆಯಲ್ಲಿ ಆ ಸೇರನ್ನು ದೇವರ ಹೆಸರಿನಲ್ಲಿ ಬೇರೆ ಸುರಿದು, ಆಮೇಲೆ ಒಂದರಿಂದ ಎಣಿಸುತ್ತಿದ್ದರು. ಒಬ್ಬಳು ಕನ್ನಡದಲ್ಲಿ, ಒಬ್ಬಳು ತೆಲುಗಿನಲ್ಲಿ, ಬಾಯೊಳಗೇ ಎಣಿಸಿಕೊಳ್ಳುತ್ತಿದ್ದುದರಿಂದ ಒಂದು ವರ್ಷ ಪಕ್ಕಪಕ್ಕ ಕೂತರೂ ಗೊತ್ತಾಗಿರಲಿಲ್ಲ.

"ಬೇಸಿನ್ನಿಗೆ ಹೀಗೆ ಎಣಿಸಿ ಹಾಕು ಅಂತ ಹೇಳಿಕೊಟ್ಟೋರು ಯಾರು?" ಎಂದು ಮೇಷ್ಟರು ಕೇಳಿದರು.

ಅವಳು ಕತ್ತು ತಿರುಗಿಸಿದಳು, ಅಷ್ಟೆ. ಅವಳಂತೆಯೇ ಚಿಂತಾಮಣಿ ಕಡೆಯಿಂದ ಬಂದ, ದಪ್ಪ ನೂಲಿನ ಉಳಿದ ಹದಿಮೂರು ಹೆಂಗಸರೂ ಅವಳು ನೋಡಿದ ಕಡೆಗೇ ನೋಡಿದರು. ಅದೇ ಕಡೆಯ ಮುರುಗಮಲ್ಲದ ಬಯ್ಯಪ್ಪ ಮೀಸೆ ಒರೆಸಿಕೊಂಡ.

"ಮೇಸ್ತ್ರಿ, ನೀನೂ ಕೂತು ಸ್ವಲ್ಪ ನೂಲು ಬಿಚ್ಚು," ಎಂದರು ಮೇಷ್ಟರು.

"ನನಗೇ ಪರೀಕ್ಷೆನಾ?"

"ಕೂತ್ಕೋ," ಎಂದರು ಮ್ಯಾನೇಜರು.

ಅವನ ನೂಲೂ ಒಂದು ಗ್ರಾಂ ಮತ್ತು ಎಂಟನೇ ಒಂದು ಪಾಲು ತೂಗಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹದಿನಾಲ್ಕು ಜನ ಕೊಟ್ಟಿಗೆಗೆ ಹೋಗುವುದು ತಪ್ಪಿತು. ಪರೀಕ್ಷೆ ಮಾತ್ರ ತಪ್ಪಲಿಲ್ಲ. ಅಂದು ಸಂಜೆ ಮುನಿಗಂಗಮ್ಮ ಮೇಷ್ಟರನ್ನು ಗೇಟಿನ ಬಳಿ ಅಡ್ಡಗಟ್ಟಿದಳು.

"ಆನೆ ಅರಸನ್ನ ಚಿಕ್ಕಬಳ್ಳಾಪುರದಲ್ಲೇ ಬಿಟ್ಟು ಬನ್ನಿ ಸ್ವಾಮಿ. ಬೇಸಿನ್ ಹತ್ರ ಬಂದು ಹೇಳ್ಕೊಡಿ. ಆವಾಗ ಕಲಿತೀನಿ."

"ಪಾಠ ಹೆಂಗೆ ಮಾಡ್ಬೇಕು ಅಂತ ನನಗೇ ಹೇಳ್ತೀಯಾ?"

"ನಮಗೇನು ಬರಲ್ಲ ಅಂತ ನಮ್ಮನ್ನ ಬಿಟ್ಟು ಇನ್ಯಾರು ಹೇಳ್ತಾರೆ?"

ಅವರು ಅವಳನ್ನು ಬಳಸಿಕೊಂಡು ಬಸ್ಸಿಗೆ ಹೋದರು. ಮಾರನೆಯ ಬೆಳಿಗ್ಗೆ ಬೇಸಿನ್ನುಗಳ ದಂಡೆಯ ಮೇಲೆ ಒಂದರಿಂದ ಎಂಟರವರೆಗೆ ಅಂಕಿ ಬರೆದರು. ಆಮೇಲೆ ತಕ್ಕಡಿಯ ಗೆರೆ, ನೀರಿನ ಬಿಸಿ ತೋರಿಸುವ ಉಷ್ಣಮಾಪಕದ ಗೆರೆ, ಕೊನೆಗೆ ಅವರವರ ಹೆಸರು. ಆ ಎರಡು ತಿಂಗಳಲ್ಲಿ ಮೇಷ್ಟರೂ ಅವಳೂ ಒಬ್ಬರಿಗೊಬ್ಬರು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಅವರು ಬೆತ್ತ ಮಾತ್ರ ತರುವುದನ್ನು ಬಿಟ್ಟಿದ್ದರು.

ಪರೀಕ್ಷೆಗೆ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. "ಎಂಟು ಗೂಡು ಹಾಕಿ ನೂಲು ಬಿಚ್ಚಮ್ಮಾ," ಎಂದರು. ಬಯ್ಯಪ್ಪ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಅವಳು ಒಂದು ಗೂಡು ತೆಗೆದು "ಲಾಭಂ" ಎಂದಳು. ಬಯ್ಯಪ್ಪನ ತುಟಿ ಅರಳಿತು. ಆದರೆ ಆ ಗೂಡನ್ನು ಅವಳು ನೀರಿಗೆ ಬಿಡಲಿಲ್ಲ, ಒಣ ದಂಡೆಯ ಮೇಲೆ ಇಟ್ಟಳು. ಆಮೇಲೆ ನೀರಿಗೆ ಎಂಟು.

"ಅದೇನು ಅಲ್ಲಿಟ್ಟಿದ್ದು?" ಎಂದರು ಸಾಹೇಬರು.

"ದೇವರ್ದು ಸ್ವಾಮಿ. ತೂಕಕ್ಕೆ ಬರಲ್ಲ."

ನೂಲು ಒಂದು ಗ್ರಾಂ ತೂಗಿತು. ಹೆಸರು ಐದಕ್ಷರ, ಬರೆಯಲು ಐದು ನಿಮಿಷ ಬೇಕಾಯಿತು. ಹದಿನೇಳನೇ ಬೇಸಿನ್ ಅವಳಿಗೇ ಉಳಿಯಿತು.

ಬಯ್ಯಪ್ಪ ಐದು ವರ್ಷ, ಆ ಕಡೆ ಹಾದುಹೋದಾಗಲೆಲ್ಲ ದಂಡೆಯ ಮೇಲಿನ ಆ ಗೂಡನ್ನು ಬೆರಳಿನಿಂದ ಚಿಮ್ಮಿ ಮೋರಿಗೆ ಬೀಳಿಸುತ್ತಿದ್ದ. ಅವಳು ಮುಖ ಎತ್ತದೆ ಇನ್ನೊಂದನ್ನು ಇಡುತ್ತಿದ್ದಳು.

೧೯೬೩ರಿಂದ ಹೊಸಬರಿಗೆ ಕಲಿಸುವ ಕೆಲಸ ಅವಳಿಗೇ ಬಂತು. ಮೃದುವಾಗಿ ಕಲಿಸುತ್ತಿದ್ದಳೆಂದು ಯಾರೂ ಹೇಳಿಲ್ಲ. ಆದರೆ ಬಂದವರಿಗೆ ಮೊದಲ ದಿನ ಏನನ್ನೂ ಕಲಿಸುತ್ತಿರಲಿಲ್ಲ. "ನಿಮ್ಮನೇಲಿ ರಾಗಿ ಅಳೆಯೋವಾಗ ಮೊದಲನೇ ಸೇರಿಗೆ ಏನಂತೀರಮ್ಮಾ? ಆಮೇಲೆ?" ಎಂದು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಳ್ಳುತ್ತಿದ್ದಳು.

ಒಂದು ಸಲ ಅನಂತರಾಮಯ್ಯ ಇದನ್ನು ನೋಡಲು ಬಂದು ಬಾಗಿಲಲ್ಲಿ, ಹಿಂದೆ ಬಯ್ಯಪ್ಪ ನಿಂತಿದ್ದ ಜಾಗದಲ್ಲೇ ನಿಂತರು.

"ಬಾಗಿಲಲ್ಲಿ ನಿಂತ್ಕೊಂಡ್ರೆ ನಮಗೆ ಬೆಳಕು ಬರಲ್ಲ ಸ್ವಾಮಿ," ಎಂದಳು ಮುನಿಗಂಗಮ್ಮ, ತಿರುಗಿ ನೋಡದೆ. "ಒಳಗೆ ಬಂದು ಕೂತ್ಕೊಳ್ಳಿ. ಇಲ್ಲಾಂದ್ರೆ ಹೊರಗೆ ನಡೀರಿ."

ಮೇಷ್ಟರು ಒಳಗೆ ಬಂದು, ಹೊಸಬರ ಸಾಲಿನ ಕೊನೆಯಲ್ಲಿ ಕೂತುಕೊಂಡರು.