ಹೊಸ ನೆಲ ಹಾಕಿಸಿ ಸೊಕ್ಕೆಗೆ ಹೋದದ್ದು

ನ್ಯಾಮತಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಮಾಗಿಯ ಚಳಿ. ಕಿಟಕಿ ಮುಚ್ಚಿದ್ದರೂ ಗಾಳಿ ಎಲ್ಲಿಂದಲೋ ನುಗ್ಗಿ ಕಿವಿ ಹಿಂಡುತ್ತಿತ್ತು. ಹೋಗಬೇಕಾದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಗೆ, ಅತ್ತೆಯ ಮನೆಗೆ. ಹೆಂಡತಿ ಸವಿತಾ ಹೆರಿಗೆಗೆ ಹೋದವಳು ಅಲ್ಲೇ ಇದ್ದಳು. ಮಗಳಿಗೆ ಮೂರು ತಿಂಗಳು ತುಂಬಿತ್ತು. ಇಬ್ಬರನ್ನೂ ಅಂದೇ ಕರೆದುಕೊಂಡು ಬರಬೇಕೆಂದು ಹಟ ತೊಟ್ಟು, ಸವಿತಾಗೆ ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದೆ. ಒಬ್ಬನೇ ಅನ್ನ ಬೇಯಿಸಿಕೊಂಡು, ಒಬ್ಬನೇ ಉಂಡು, ಮಗಳ ಮುಖವನ್ನು ಫೋನಿನಲ್ಲಿ ನೋಡಿ ನೋಡಿ ಸಾಕುಸಾಕಾಗಿತ್ತು.

ಅವರು ಬರದಂತೆ ಮಾಡಿಕೊಂಡವನೂ ನಾನೇ. "ಒಂದು ಒಳ್ಳೆ ನೆಲ ಹಾಕ್ಸ್ರೀ" ಎಂದು ಸವಿತಾ ಮದುವೆಯಾದಾಗಿನಿಂದ ಹೇಳುತ್ತಿದ್ದಳು. ಅವಳು ತವರಿನಲ್ಲಿರುವಾಗಲೇ ಕಿತ್ತುಹೋಗಿದ್ದ ಸಿಮೆಂಟು ತೆಗೆಸಿ, ಮುಖ ಕಾಣುವಂಥ ಗ್ರಾನೈಟ್ ಹಾಕಿಸಿ, ಫೋಟೊ ಕಳಿಸಿದೆ. ಅದನ್ನು ಅತ್ತೆಯೂ ನೋಡಿದರು. "ಆ ಕೊರೆಯೋ ಕಲ್ಲಿನ ಮ್ಯಾಲೆ ಬಾಣಂತಿ ಬರಿಗಾಲಾಗೆ ಓಡಾಡದಾ? ಕೂಸಿಗೆ ಒಂಬತ್ತು ತಿಂಗ್ಳು ತುಂಬೋ ತಂಕ ಕಳ್ಸಲ್ಲ" ಎಂದುಬಿಟ್ಟರು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಹೊನ್ನಾಳಿಯಲ್ಲಿ ಇಳಿದು ನಮಗೆ ಪರಿಚಯದ ಡಾಕ್ಟರಮ್ಮನ ಕ್ಲಿನಿಕ್ ತೆರೆಯುವವರೆಗೆ ಟೀ ಕುಡಿಯುತ್ತ ಕಾದೆ. ಅತ್ತೆಯೆದುರು ಬರಿಗೈಲಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಸಂಗತಿ ಕೇಳಿ ಡಾಕ್ಟರಮ್ಮ ನಕ್ಕರು. "ತಣ್ಣನೆ ನೆಲದಿಂದ ಕಾಲಿಗೆ ಏನೂ ಆಗಲ್ಲಪ್ಪ. ಚಳಿ ಅನ್ಸಿದ್ರೆ ಚಪ್ಪಲಿ ಹಾಕ್ಕೊಳ್ಳಲಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದೋರು ಬರಿಗಾಲಲ್ಲಿ ಓಡಾಡಬಾರದು, ಅಷ್ಟೇ. ನೆಲ ಒದ್ದೆ ಇದ್ರೆ ಜಾರೀತು, ಅದನ್ನ ನೋಡ್ಕೊಳ್ಳಿ." ನನಗೆ ಆನೆಬಲ ಬಂತು.

ದಾವಣಗೆರೆ ಬಸ್ಸಿನಲ್ಲಿ ಪಕ್ಕ ಕೂತವರು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕಡೆಯ ಹಿರಿಯ ಹೆಂಗಸು. ಮನೆಯವರೆಲ್ಲ ಮೀನು ಹಿಡಿಯುವವರಂತೆ. ನನ್ನ ಸಂಕಟ ಕೇಳಿ, "ಅಯ್ಯೋ ಶಿವನೇ! ಇಂಥ ಚಳಿಯಾಗೆ ನಾವು ಕೆರೆ ನೀರಿಗೇ ಕಾಲಿಡ್ತೀವಿ. ನಮ್ ಕಾಲೇನು ಉದುರಿ ಬಿದ್ದಾವಾ?" ಎಂದರು. ಆಮೇಲೆ ಮೆಲ್ಲಗೆ, "ಅದ್ಸರಿ, ನಿಮ್ಮನೇಲಿ ಹೆಂಗಸ್ರು ಯಾರದಾರೆ?" ಎಂದು ಕೇಳಿದರು. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು, ಯಾರೂ ಇಲ್ಲ ಎಂದೆ. ಅವರು "ಹೂಂ" ಎಂದು ಕಿಟಕಿಯಾಚೆ ನೋಡತೊಡಗಿದರು.

ದಾವಣಗೆರೆಯಲ್ಲಿ ನಿಂತೇ ಮಂಡಕ್ಕಿ ತಿಂದು ಜಗಳೂರು ಬಸ್ಸು ಹಿಡಿದೆ. ಆಧಾರ್ ತೋರಿಸಿದ ಹೆಂಗಸರು ಸೀಟೆಲ್ಲ ತುಂಬಿಕೊಂಡಿದ್ದರು. ಟಿಕೆಟ್ ತಗೊಂಡ ನಾನು ಕಂಬಿ ಹಿಡಿದು ಜೋತಾಡಿದೆ. ಜಗಳೂರಿನಿಂದ ಇನ್ನೊಂದು ಬಸ್ಸು. ಎರಡೂ ಕಡೆ ಮೆಕ್ಕೆಜೋಳ ಮುರಿದು ಖಾಲಿಯಾದ ಹೊಲಗಳು. ಸೊಕ್ಕೆ ಮುಟ್ಟಿದಾಗ ಊಟದ ಹೊತ್ತು.

ಒಳಗೆ ಸವಿತಾ ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು ಹಾಕಿಕೊಂಡು ಮಂಚದ ಮೇಲಿದ್ದಳು. ಮಗಳನ್ನು ನನ್ನ ಕೈಗಿಟ್ಟಳು. ನನ್ನ ಬೆರಳನ್ನು ಆ ಪುಟ್ಟ ಕೈ ಗಪ್ಪನೆ ಹಿಡಿಯಿತು.

ರೊಟ್ಟಿ ಬಡಿಸುತ್ತಿದ್ದ ಅತ್ತೆಗೆ ಡಾಕ್ಟರಮ್ಮನ ಮಾತು ಒಪ್ಪಿಸಿದೆ. ಜಗಳಕ್ಕೆ ಬರುತ್ತಾರೆಂದುಕೊಂಡಿದ್ದೆ. ಅವರು ನನ್ನೆದುರೇ ಕೂತು ಕಾಲು ನೀವಿಕೊಂಡರು.

"ಇವ್ಳನ್ನ ಹೆತ್ತಾಗ ನಮ್ಮವ್ವ ಇರ್ಲಿಲ್ಲ ಅಳಿಯಂದ್ರೆ. ತಿಂಗ್ಳು ತುಂಬಿರ್ಲಿಲ್ಲ, ಕಲ್ಲು ಹಾಸಿದ ಅಡಿಗೆ ಮನ್ಯಾಗೆ ನಿಂತು ಮನೆಮಂದಿಗೆಲ್ಲ ರೊಟ್ಟಿ ಬಡಿದೆ. ಅವತ್ತು ಹಿಡಿದ ನೋವು ಇನ್ನಾ ಐತೆ."

"ಅದು ನೆಲದ ಥಂಡಿಗೆ ಬಂದದ್ದಲ್ಲ ಅತ್ತೆ, ಪುರುಸೊತ್ತಿಲ್ಲದೆ ದುಡಿದದ್ದಕ್ಕೆ" ಎಂದೆ.

"ಆಗ್ಲಿ, ನಿಮ್ ಮಾತೇ ಖರೆ ಅನ್ಕಳಾನ. ನಿಮ್ಮನೇಲಿ ಇವ್ಳನ್ನ ಕುಂದ್ರಿಸಿ ಒಂದು ತುತ್ತು ಬಿಸಿ ಅನ್ನ ಇಕ್ಕಾಕೆ ಯಾರದಾರೆ ಹೇಳ್ರಿ?"

ನನ್ನದು ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಅಂಗಡಿ. ತೋಟಕ್ಕೆ ನೀರು ಬಿಡುವ ಕಾಲ ಬಂತೆಂದರೆ ಸುಟ್ಟ ಮೋಟರುಗಳು ಸಾಲಾಗಿ ಬರುತ್ತವೆ. ಬೆಳಿಗ್ಗೆ ಹೋದವನು ಕತ್ತಲಾದ ಮೇಲೇ ಮನೆಗೆ. ಅಡುಗೆ, ಬಟ್ಟೆ, ನೀರು, ಮಗು ಎಲ್ಲ ಸವಿತಾಳ ತಲೆಯ ಮೇಲೇ. ಅತ್ತೆಯ ಕಾಲಿನ ಗತಿ ನಾಳೆ ಅವಳ ಕಾಲಿಗೂ ಬಂದೀತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಇರಲಿ ಬಿಡಿ ಅತ್ತೆ. ಐದು ತಿಂಗಳು ತುಂಬಲಿ. ಅಷ್ಟರಲ್ಲಿ ಮನೆಗೆಲಸಕ್ಕೆ ಒಬ್ಬರನ್ನ ಗೊತ್ತು ಮಾಡ್ತೀನಿ" ಎಂದೆ. ಕರೆದೊಯ್ಯಲು ಬಂದ ನಾನೇ ಹಾಗೆಂದೆ. ಅತ್ತೆ ಇನ್ನೊಂದು ರೊಟ್ಟಿ ಹಾಕಿದರು. ಸವಿತಾ ತಲೆಯೆತ್ತಲಿಲ್ಲ.

ಸಂಜೆ ಬಸ್ಸಿಗೆ ಎದ್ದೆ. ಸವಿತಾ ಮಗುವನ್ನು ಎತ್ತಿಕೊಂಡು ಹೊಸ್ತಿಲವರೆಗೆ ಬಂದಳು. ಚಪ್ಪಲಿ ಮೆಟ್ಟಲು ಬಗ್ಗಿದಾಗ ಬಾಗಿಲ ಹಿಂದೆ ಕಂಡಿತು: ಜಿಪ್ ಎಳೆದು ನಿಲ್ಲಿಸಿದ ದೊಡ್ಡ ಬ್ಯಾಗು, ಅದರ ಮೇಲೆ ಮಡಚಿಟ್ಟ ಮಗುವಿನ ಶಾಲು.

"ಬೆಳಿಗ್ಗೇನೇ ತುಂಬಿದ್ದೆ ರೀ" ಎಂದಳು.

ಬಸ್ಸಿನ ಹಾರ್ನ್ ಕೇಳಿಸಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳೇ ಹೇಳಿದಳು:

"ಬಿಚ್ಚಲ್ಲ. ಹಂಗೇ ಇಟ್ಟಿರ್ತೀನಿ."