ಮುಗಿಯದ ಪ್ರಶ್ನೆಗೆ ಕೊಟ್ಟ ಉತ್ತರ

"ಲೇ, ಪೂರ್ತಿ ಕೇಳಿಸ್ಕೊಂಡು ಬಟನ್ ಒತ್ತೇ!" ಎಂದು ಬೀರೂರಿನ ನಮ್ಮ ನೆರೆಮನೆಯ ಗಿರಿಜಮ್ಮ ಟಿವಿಯೊಳಗಿದ್ದ ಮಗಳಿಗೆ ಕೂಗಿ ಹೇಳಿದರು. ಆ ಮಗಳು ಚೈತ್ರಾ ಅವರ ಪಕ್ಕದಲ್ಲೇ ತಲೆ ತಗ್ಗಿಸಿ ಕುಳಿತಿದ್ದಳು. ವಿಶ್ವವಿದ್ಯಾಲಯ ತಂಡಗಳ ಆ ರಸಪ್ರಶ್ನೆ ಸ್ಪರ್ಧೆಯ ಚಿತ್ರೀಕರಣ ಎಂದೋ ಮುಗಿದಿತ್ತು. ಫಲಿತಾಂಶವನ್ನು ಅವಳು ಮನೆಯವರಿಗೂ ಹೇಳಿರಲಿಲ್ಲ.

ಕೊನೆಯ ಪ್ರಶ್ನೆ ಅಣೆಕಟ್ಟೆಯೊಂದರ ಕುರಿತಾಗಿತ್ತು. ಅದು ಮುಗಿಯುವ ಮೊದಲೇ ಪರದೆಯ ಚೈತ್ರಾ ಬಟನ್ ಒತ್ತಿ ಒಂದು ಇಸವಿಯನ್ನು ಹೇಳಿದಳು. ಉತ್ತರ ತಪ್ಪಾಯಿತು, ತಂಡ ಸೋತಿತು. ಅವರ ಮನೆಯಲ್ಲಿ ಸೇರಿದ್ದ ನಾವು ನೆರೆಹೊರೆಯವರೆಲ್ಲ ಚೈತ್ರಾಳ ಕಡೆ ತಿರುಗಿದೆವು. "ನನ್ನಿಂದ್ಲೇ ಸೋತಿದ್ದು ಕಣಮ್ಮ, ಅದಕ್ಕೇ ಹೇಳ್ಲಿಲ್ಲ" ಎಂದು ಚೈತ್ರಾ ಬಿಕ್ಕಿದಳು.

ಇಸವಿಗಳನ್ನು ತಾಳೆ ನೋಡುವುದು ನಿವೃತ್ತಿಯ ನಂತರವೂ ಬಿಡದ ನನ್ನ ಸಂಶೋಧನಾ ಅಭ್ಯಾಸ. ಮನೆಗೆ ಹೋಗಿ ಪುಸ್ತಕ ನೋಡಿ ಮರಳಿದೆ. ಅವಳು ಹೇಳಿದ್ದು ಕಾಮಗಾರಿ ಆರಂಭವಾದ ವರ್ಷ. ಕೇಳಿದ್ದು ಮುಗಿದ ವರ್ಷ. ಇದನ್ನು ವಿವರಿಸಿದರೂ ಅವಳ ಅಳು ನಿಲ್ಲಲಿಲ್ಲ. ಗಿರಿಜಮ್ಮ ಮಗಳ ತಲೆ ನೇವರಿಸುತ್ತ, "ಇವ್ಳು ಹುಟ್ಟಿದ್ದೂ ಹಂಗೇ ಕಣ್ ಸಾರ್, ಡಾಕ್ಟ್ರು ಹೇಳಿದ್ ತಾರೀಕಿನವರ್ಗೂ ಕಾಯ್ಲೇ ಇಲ್ಲ!" ಎಂದರು. ಚೈತ್ರಾ ಅಳುತ್ತಲೇ ನಕ್ಕುಬಿಟ್ಟಳು.

ನನ್ನ ಪುಸ್ತಕದ ಆಧಾರದಿಂದ ಆಗದ ಸಮಾಧಾನ ತಾಯಿಯ ಒಂದು ಮಾತಿನಿಂದ ಆಯಿತು. ಡಾಕ್ಟರು ಹೇಳಿದ್ದ ಆ ತಾರೀಕೊಂದನ್ನು ಮಾತ್ರ ನಾನು ಇಂದಿಗೂ ತಾಳೆ ನೋಡಿಲ್ಲ.